ನಕ್ಷೆ ಪ್ರಶ್ನೆ ಮನ್ನಾ, ನಕ್ಷೆಯೂ ಮನ್ನಾ!

ಎಸ್ಸೆಸ್ಸೆಲ್ಸಿ ಸಮಾಜ ವಿಜ್ಞಾನದ ಪತ್ರಿಕೆಯಲ್ಲಿ ಭಾರತದ ನಕ್ಷೆ ಬರೆದು ಸ್ಥಳ ಗುರುತಿಸುವ ಪ್ರಶ್ನೆಯೊಂದು ಇರುತ್ತದೆ. ಅದರ ಜೊತೆಗೇ, ಅಂಧ ವಿದ್ಯಾರ್ಥಿಗಳಿಗೆ ಮಾತ್ರ ಅಂತ ಬೇರೆ ಪ್ರಶ್ನೆ ಕೊಟ್ಟಿರುತ್ತಾರೆ. ಕಣ್ಣು ಕಾಣದ ಹುಡುಗ ನಕ್ಷೆ ಹೇಗೆ ಬರೆದಾನು, ಪಾಪ, ಎಂಬ ಕನಿಕರ. ಪರೀಕ್ಷೆಯ ಮಟ್ಟಿಗೆ ಅದು ನ್ಯಾಯವೇ, ಯಾರ ತಕರಾರೂ ಇಲ್ಲ. ತಕರಾರು ಇರುವುದು ಈ ಕನಿಕರ ಪರೀಕ್ಷಾ ಕೊಠಡಿಯಿಂದ ಎದ್ದು ಬಂದು ತರಗತಿಯಲ್ಲಿ ವರ್ಷವಿಡೀ ಠಿಕಾಣಿ ಹೂಡುತ್ತದಲ್ಲ, ಅದರ ಬಗ್ಗೆ.

ಮೈಸೂರು ಜಿಲ್ಲೆಯದೇ ಒಂದು ಪ್ರೌಢಶಾಲೆ. ಒಂಬತ್ತನೇ ತರಗತಿ. ಗೋಡೆಗೆ ನಕ್ಷೆ ತೂಗುಹಾಕಿ ಮೇಷ್ಟರು ಕೋಲಿನಿಂದ ತಟ್ಟಿ ತಟ್ಟಿ ನದಿಗಳನ್ನು ತೋರಿಸುತ್ತಿದ್ದರು. ಮುಂದಿನ ಬೆಂಚಿನ ಹುಡುಗನಿಗೆ ಕಣ್ಣು ಕಾಣುವುದಿಲ್ಲ. ಅವನಿಗೆ ಕೇಳಿಸುವುದು ಕೋಲಿನ ಟಕ್ ಟಕ್ ಮಾತ್ರ. ಹಾಗಂತ ದಡ್ಡನಲ್ಲ. ಹೇಮಾವತಿ, ಲಕ್ಷ್ಮಣತೀರ್ಥ, ಕಬಿನಿ, ಶಿಂಷಾ, ಅರ್ಕಾವತಿ ಅಂತ ಕಾವೇರಿಯ ಉಪನದಿಗಳನ್ನು ಮಗ್ಗಿಯ ಹಾಗೆ ಒಪ್ಪಿಸುತ್ತಾನೆ. ಅವತ್ತು ಎದ್ದು ನಿಂತು ಒಂದು ಮಾತು ಕೇಳಿದ.

"ಕೊಡಗಿನ ಆಚೆಗೇ ಅರಬ್ಬಿ ಸಮುದ್ರ ಇದ್ಯಂತಲ್ಲ ಸಾರ್. ಅದನ್ನ ಬಿಟ್ಟು ಕಾವೇರಿ ಅಷ್ಟು ದೂರ ಬಂಗಾಳ ಕೊಲ್ಲಿಗೆ ಯಾಕೆ ಹೋಗುತ್ತೆ?"

"ಅದು ನಿನಗೆ ಪರೀಕ್ಷೆಗೆ ಬರಲ್ಲ, ಕೂತ್ಕೊಳಪ್ಪ" ಅಂದರು ಮೇಷ್ಟರು.

ಆ ತರಗತಿಯಲ್ಲಿ ಆ ದಿನ ಕೇಳಿದ ಅತ್ಯಂತ ಒಳ್ಳೆಯ ಪ್ರಶ್ನೆ ಅದು. ಕಣ್ಣಿದ್ದ ಮಕ್ಕಳು ನೀಲಿ ಗೆರೆ ನೋಡಿಕೊಂಡು ಸುಮ್ಮನಿದ್ದರು, ಯಾರಿಗೂ ಈ ಅನುಮಾನ ಹುಟ್ಟಲಿಲ್ಲ. (ದೊಡ್ಡವರಲ್ಲೂ ಎಷ್ಟು ಮಂದಿಗೆ ಹುಟ್ಟಿದೆಯೋ, ಕಾವೇರಿ ಗಲಾಟೆಗೆ ಟೈರು ಸುಡುವವರನ್ನು ಕೇಳಬೇಕು.) ಇದಕ್ಕೆ ಉತ್ತರ ಹೇಳಲು ಕಣ್ಣೇ ಬೇಕಿಲ್ಲ. ಒಂದು ಅಗಲವಾದ ತಟ್ಟೆ, ಒಂದಿಷ್ಟು ಜೇಡಿಮಣ್ಣು ಸಾಕು. ಪಡುವಣ ಅಂಚಿಗೆ ಘಟ್ಟದ ಸಾಲನ್ನು ಎತ್ತರಕ್ಕೆ ಮೆತ್ತಿ, ಅಲ್ಲಿಂದ ಮೂಡಲಿಗೆ ಮಣ್ಣನ್ನು ಇಳಿಜಾರು ಮಾಡಿ, ಘಟ್ಟದ ಈಚೆ ಮಗ್ಗುಲಿಗೆ ಒಂದು ಲೋಟ ನೀರು ಹುಯ್ದು ಹುಡುಗನ ಕೈಯನ್ನು ಅದರ ಮೇಲಿಟ್ಟರೆ ಆಯಿತು. ನೀರು ಯಾವ ಕಡೆ ಓಡಿತು ಅಂತ ಅವನೇ ಹೇಳುತ್ತಾನೆ. ಬೆನ್ನ ಹಿಂದೆ ಘಟ್ಟ ಅಡ್ಡ ನಿಂತಿದೆ ಎಂಬುದೂ ಬೆರಳಿಗೇ ತಿಳಿಯುತ್ತದೆ.

ನಕ್ಷೆಯೂ ಹಾಗೇ. ದಪ್ಪ ರಟ್ಟಿನ ಮೇಲೆ ಗಡಿಗೆ ಗೋಣಿದಾರ, ನದಿಗೆ ಉಲ್ಲನ್ ದಾರ, ಸಮುದ್ರಕ್ಕೆ ಉಪ್ಪುಕಾಗದ, ಊರಿಗೊಂದು ಹುಣಸೆಬೀಜ ಅಂಟಿಸಿದರೆ ನಕ್ಷೆ. ಖರ್ಚು ಒಂದು ಹೊತ್ತಿನ ಕಾಫಿ-ತಿಂಡಿಯದು. ಆದರೆ ಮಾಡುವವರಿಗೆ ಒಂದು ಸೂಕ್ಷ್ಮ ಗೊತ್ತಿರಬೇಕು. ಕಣ್ಣು ಇಡೀ ನಕ್ಷೆಯನ್ನು ಒಂದೇ ಸಲಕ್ಕೆ ನುಂಗುತ್ತದೆ. ಬೆರಳು ತುಣುಕು ತುಣುಕಾಗಿ ಓದಿ, ಆಮೇಲೆ ತಲೆಯಲ್ಲಿ ಜೋಡಿಸಿಕೊಳ್ಳಬೇಕು. ನದಿ, ರೈಲು, ಬೆಟ್ಟ, ಬೆಳೆ ಎಲ್ಲವನ್ನೂ ಒಂದೇ ರಟ್ಟಿಗೆ ತುಂಬಿದರೆ ಬೆರಳಿಗೆ ಬರೀ ಗೊಂದಲ. ಒಂದು ನಕ್ಷೆಗೆ ಒಂದೇ ಸಂಗತಿ. ಅದಕ್ಕೂ ಮುಂಚೆ ಶಾಲೆಯದೇ ನಕ್ಷೆ ಆಗಬೇಕು. ಗೇಟು, ಬಾವಿ, ಬಿಸಿಯೂಟದ ಕೋಣೆ. ಕಾಲಿನಲ್ಲಿ ನಡೆದದ್ದು ರಟ್ಟಿನ ಮೇಲೆ ಸಿಕ್ಕಾಗಲೇ ನಕ್ಷೆ ಅಂದರೆ ಏನು ಅಂತ ಮಗುವಿಗೆ ಹೊಳೆಯುವುದು.

ಮೈಸೂರಿಗೆ ಇದೇನು ಹೊಸ ವಿದ್ಯೆಯಲ್ಲ. ಕಿವುಡ ಮತ್ತು ಅಂಧ ಮಕ್ಕಳಿಗೆ ಶಾಲೆ ಇಲ್ಲಿ 1901ರಲ್ಲೇ ಶುರುವಾಯಿತು. ಬ್ರೈಲ್ ಪುಸ್ತಕ ಅಚ್ಚು ಹಾಕುವ ಸರ್ಕಾರಿ ಮುದ್ರಣಾಲಯ ಇರುವುದೂ ಇದೇ ಊರಲ್ಲಿ. ಕೋಲ್ಕತ್ತದ ನ್ಯಾಟ್ಮೋ ಸಂಸ್ಥೆ 2017ರಲ್ಲಿ ಕಣ್ಣು ಕಾಣದವರಿಗಾಗಿ ಭಾರತದ ಬ್ರೈಲ್ ಅಟ್ಲಾಸನ್ನೇ ಹೊರತಂದಿತು. 2016ರ ಅಂಗವಿಕಲರ ಹಕ್ಕುಗಳ ಕಾಯಿದೆಯ 17ನೇ ಕಲಮು ಇಂಥ ಮಕ್ಕಳಿಗೆ ಹದಿನೆಂಟು ವರ್ಷದವರೆಗೆ ಪುಸ್ತಕ, ಕಲಿಕೆಯ ಸಾಮಗ್ರಿ, ಸಲಕರಣೆಗಳನ್ನು ಪುಕ್ಕಟೆ ಕೊಡಬೇಕು ಅನ್ನುತ್ತದೆ. ಬರಹಗಾರನ ನೆರವು, ಹೆಚ್ಚಿನ ಸಮಯ ಅದೇ ಕಲಮಿನಲ್ಲಿವೆ. ಪರೀಕ್ಷೆಗೆ ಬೇಕಾದ್ದು ಸಿಗುತ್ತಿದೆ. ಪಾಠಕ್ಕೆ ಬೇಕಾದ್ದು ಎಲ್ಲಿ?

ನಾಗರಿಕ ಶಾಸ್ತ್ರದ ಪಾಡೂ ಇದೇ. ಮತಯಂತ್ರದ ಗುಂಡಿಗಳ ಪಕ್ಕದಲ್ಲಿ ಬ್ರೈಲ್ ಅಂಕಿಗಳಿವೆ. ಹದಿನೆಂಟು ತುಂಬಿದ ಮೇಲೆ ಆ ಹುಡುಗ ಯಾರ ಕೈಯನ್ನೂ ಹಿಡಿಯದೆ ಓಟು ಒತ್ತಬಹುದು. ಇದನ್ನು ಅವನಿಗೆ ಹೇಳಿದವರು ಯಾರು? ಶಾಲಾ ಸಂಸತ್ತಿನ ಚುನಾವಣೆ ವರ್ಷಾ ವರ್ಷಾ ನಡೆಯುತ್ತದೆ. ರಟ್ಟಿನ ಮೇಲೆ ಚುಕ್ಕಿ ಒತ್ತಿದ ಒಂದು ಮತಪತ್ರ ಮಾಡಿಕೊಟ್ಟರೆ ಅವನ ಓಟೂ ಗುಟ್ಟಾಗಿ ಉಳಿಯುತ್ತದೆ. ಈಗಂತೂ ಪಕ್ಕದ ಹುಡುಗ ಕೇಳಿಕೊಂಡು ಗುರುತು ಹಾಕುತ್ತಾನೆ.

ಇತಿಹಾಸಕ್ಕೆ ಶ್ರೀರಂಗಪಟ್ಟಣ ಕೂಗಳತೆಯಲ್ಲಿದೆ. ಪ್ರವಾಸದ ಬಸ್ಸಲ್ಲಿ ಇಂಥ ಮಗುವನ್ನು 'ನೋಡೋಕೆ ಏನಿದೆ ಇವನಿಗೆ' ಅಂತ ಬಿಟ್ಟು ಹೋಗುವ ಶಾಲೆಗಳಿವೆ. ಉತ್ತರದ ಸೇತುವೆ ಮೇಲೆ ನಿಲ್ಲಿಸಿ ನೀರಿನ ಸದ್ದು ಕೇಳಿಸಿ, ಊರು ದಾಟಿಸಿ ದಕ್ಷಿಣದ ಸೇತುವೆ ಮೇಲೆ ಮತ್ತೆ ಕೇಳಿಸಿದರೆ ದ್ವೀಪ ಅಂದರೇನು ಅಂತ ಬಾಯಿಬಿಟ್ಟು ಹೇಳಬೇಕಾಗಿಲ್ಲ. ಕೋಟೆ ಗೋಡೆಯ ಬುಡದಲ್ಲಿ ಎರಡೂ ತೋಳು ಚಾಚಿ ನಿಂತ ಮೇಲೆ 1799ರ ಮುತ್ತಿಗೆಯ ಪಾಠ ಓದಿದರೆ ಅದರ ರುಚಿಯೇ ಬೇರೆ.

ಮೇಷ್ಟರನ್ನೊಬ್ಬರನ್ನೇ ಬೈದು ಪ್ರಯೋಜನವಿಲ್ಲ. ನಲವತ್ತು ಮಕ್ಕಳು, ಬಿಸಿಯೂಟದ ಲೆಕ್ಕ, ಜನಗಣತಿ, ಚುನಾವಣೆ ಡ್ಯೂಟಿ ಎಲ್ಲ ಅವರ ತಲೆ ಮೇಲೆಯೇ. ವಿಶೇಷ ಮಕ್ಕಳಿಗೆಂದು ತಾಲ್ಲೂಕಿನಲ್ಲಿ ಬಿಐಇಆರ್‌ಟಿ ಶಿಕ್ಷಕರು ಇದ್ದಾರೆ, ಆದರೆ ಅವರು ಇಡೀ ತಾಲ್ಲೂಕು ಸುತ್ತಬೇಕು. ಶಿಕ್ಷಣ ಇಲಾಖೆ ಮನಸ್ಸು ಮಾಡಿದರೆ ಒಂದು ದಾರಿ ಇದೆ. ಪ್ರತಿ ಬಿಆರ್‌ಸಿಯಲ್ಲೂ ಬೆರಳಿನ ನಕ್ಷೆಗಳ ಒಂದು ಕಪಾಟು ಇಡಲಿ. ಗ್ರಂಥಾಲಯದ ಪುಸ್ತಕದ ಹಾಗೆ ಶಾಲೆಗಳು ಎರವಲು ಒಯ್ದು ವಾಪಸು ಕೊಡಲಿ. ನಕ್ಷೆ ಮಾಡುವ ಕೆಲಸವನ್ನು ಅದೇ ತರಗತಿಯ ಕಣ್ಣಿದ್ದ ಮಕ್ಕಳಿಗೆ ಒಪ್ಪಿಸಿದರೂ ನಡೆಯುತ್ತದೆ. ಗೋಣಿದಾರದಲ್ಲಿ ಒಮ್ಮೆ ಗಡಿ ಅಂಟಿಸಿದವನು ಗುಜರಾತಿನ ತಿರುವನ್ನು ಜನ್ಮದಲ್ಲಿ ಮರೆಯುವುದಿಲ್ಲ.

ಶಾಲೆಗಳು ಮತ್ತೆ ಬಾಗಿಲು ತೆರೆಯುವುದು ಮೇ ತಿಂಗಳ ಕೊನೆಗೆ. ಆ ಹುಡುಗ ಈ ಸಲ ಹತ್ತನೇ ತರಗತಿ. ಕಾವೇರಿ ಪ್ರಶ್ನೆಗೆ ಅವನಿಗೆ ಇನ್ನೂ ಉತ್ತರ ಸಿಕ್ಕಿಲ್ಲ.