ಕರಿಘಟ್ಟಕ್ಕೆ ಒಂದು ಬೆಳಗಿನ ನಡಿಗೆ

ಮಕ್ಕಳೇ, ಕ್ಯಾಲೆಂಡರಿನಲ್ಲೋ ಚಾಕೊಲೇಟ್ ಡಬ್ಬಿಯ ಮೇಲೋ ಹಿಮ ಹೊದ್ದ ಬೆಟ್ಟದ ಚಿತ್ರವನ್ನು ನೀವೆಲ್ಲ ನೋಡಿರುತ್ತೀರಿ. ‘ನಮ್ಮ ಬೆಟ್ಟದ ಮೇಲೆ ಯಾಕಜ್ಜಿ ಹಿಮ ಬೀಳಲ್ಲ?’ ಎಂದು ಕೇಳಿಯೂ ಇರುತ್ತೀರಿ. ಈ ವಾರ ಆ ಪ್ರಶ್ನೆಯನ್ನು ಜೊತೆಗಿಟ್ಟುಕೊಂಡೇ ಕಿರಂಗೂರಿನ ಕಡೆಯಿಂದ ಕರಿಘಟ್ಟಕ್ಕೆ ಹೋಗಿ ಬರೋಣ. ಅಜ್ಜ ಅಜ್ಜಿಯರೂ ಬರಲಿ. ಇದು ಅವರನ್ನು ಬಿಟ್ಟು ಹೋಗುವ ನಡಿಗೆಯಲ್ಲ.

ಕಿರಂಗೂರು ಅಂದರೆ ಗೊತ್ತಲ್ಲ? ಶ್ರೀರಂಗಪಟ್ಟಣದ ದಸರಾ ಮೆರವಣಿಗೆ ಹೊರಡುವ ಬನ್ನಿಮಂಟಪ ಇರುವ ಊರು. ರಾಜ ಒಡೆಯರು 1610ರಲ್ಲಿ ಶ್ರೀರಂಗಪಟ್ಟಣದಲ್ಲಿ ದಸರಾ ಆರಂಭಿಸಿದರು. ಮೈಸೂರಿನ ದಸರಾ ಬಂದದ್ದು ಆಮೇಲೆ. ಈ ಸೀಮೆಯವರಿಗೆ ಕರಿಘಟ್ಟ ಪಕ್ಕದ ಮನೆಯ ಬೆಟ್ಟವಿದ್ದ ಹಾಗೆ. ಬುಡದಲ್ಲಿ ಲೋಕಪಾವನಿ ಹೊಳೆ, ಮೇಲೆ ಶ್ರೀನಿವಾಸ ದೇವರ ಗುಡಿ, ನಡುವೆ ಮೆಟ್ಟಿಲು. ಮೆಟ್ಟಿಲು ಹತ್ತಲಾಗದವರಿಗೆ ವಾಹನದ ದಾರಿಯೂ ಉಂಟು.

ಮೇಲೆ ನಿಂತು ನೋಡಿದರೆ ಲೋಕಪಾವನಿ ಕಾವೇರಿಯನ್ನು ಸೇರುವುದು ಕಾಣುತ್ತದೆ. ಕಾವೇರಿ ಎರಡು ಕೈ ಚಾಚಿ ತಬ್ಬಿಕೊಂಡ ಶ್ರೀರಂಗಪಟ್ಟಣವೂ ಕಾಣುತ್ತದೆ. ಇಷ್ಟು ಚೆನ್ನಾಗಿ ಕಾಣುತ್ತದೆ ಎಂಬ ಕಾರಣಕ್ಕೇ ಈ ಬೆಟ್ಟಕ್ಕಾಗಿ ಒಮ್ಮೆ ಯುದ್ಧವೂ ನಡೆಯಿತು. 1792ರ ಫೆಬ್ರವರಿ 6ರ ರಾತ್ರಿ ಕಾರ್ನ್‌ವಾಲಿಸನ ಸೈನ್ಯ ಟಿಪ್ಪು ಸುಲ್ತಾನನ ದಂಡಿನ ಮೇಲೆ ಬಿದ್ದಾಗ, ಅದರ ಒಂದು ತುಕಡಿ ಹಿಡಿದದ್ದು ಇದೇ ಕರಿಘಟ್ಟವನ್ನು. ಇಂಗ್ಲಿಷರ ಬಾಯಲ್ಲಿ ಅದು ‘ಕ್ಯಾರಿಘಾಟ್’ ಆಗಿತ್ತು.

ಈಗ ಹಿಮದ ಪ್ರಶ್ನೆಗೆ ಬರೋಣ. ನೆಲದಿಂದ ಮೇಲೆ ಮೇಲೆ ಹೋದಂತೆ ಗಾಳಿ ತಣ್ಣಗಾಗುತ್ತದೆ. ಸಾಮಾನ್ಯವಾಗಿ ಪ್ರತಿ 1,000 ಮೀಟರಿಗೆ ಸುಮಾರು ಆರೂವರೆ ಡಿಗ್ರಿ ಸೆಲ್ಸಿಯಸ್ ಕಡಿಮೆ. ಹೊಳೆಯ ಬಳಿ 30 ಡಿಗ್ರಿ ಇದ್ದರೆ, ಸೊನ್ನೆ ಡಿಗ್ರಿ ಮುಟ್ಟಲು ಅಲ್ಲಿಂದ ನಾಲ್ಕೂವರೆ ಕಿಲೋಮೀಟರಿಗಿಂತ ಹೆಚ್ಚು ಮೇಲಕ್ಕೆ ಹೋಗಬೇಕು. ನಮ್ಮ ರಾಜ್ಯದಲ್ಲೇ ಎತ್ತರವಾದ ಮುಳ್ಳಯ್ಯನಗಿರಿ ಸಮುದ್ರಮಟ್ಟದಿಂದ ಸುಮಾರು 1,930 ಮೀಟರ್. ಅಲ್ಲಿಯೇ ಹಿಮ ನಿಲ್ಲದು ಎಂದ ಮೇಲೆ ಕರಿಘಟ್ಟದ ಮಾತೆಲ್ಲಿ? ಬುಡಕ್ಕೂ ತುದಿಗೂ ಹೆಚ್ಚೆಂದರೆ ಒಂದು ಡಿಗ್ರಿಯ ವ್ಯತ್ಯಾಸ. ಮೇಲೆ ತಂಪೆನಿಸುವುದು ಬೀಸುವ ಗಾಳಿಯಿಂದ.

ಹಿಮದ ಬೆಟ್ಟಗಳ ದೇಶದಲ್ಲಿ ನಡೆಯುವವರಿಂದ ನಾವು ಕಲಿಯಬಹುದಾದದ್ದು ಮಾತ್ರ ಬಹಳ ಇದೆ. ಸ್ವಿಟ್ಜರ್ಲೆಂಡಿನ ಕಾಲುದಾರಿಗಳಲ್ಲಿ ಹಳದಿ ಫಲಕಗಳಿರುತ್ತವೆ. ಅವುಗಳ ಮೇಲೆ ‘ಇಷ್ಟು ಕಿಲೋಮೀಟರ್’ ಎಂದು ಬರೆಯುವ ಬದಲು ‘ಇಷ್ಟು ಗಂಟೆ, ಇಷ್ಟು ನಿಮಿಷ’ ಎಂದು ಬರೆದಿರುತ್ತಾರೆ. ಬೆಟ್ಟದ ದಾರಿಯಲ್ಲಿ ದೂರಕ್ಕಿಂತ ಹೊತ್ತು ಮುಖ್ಯ. ಅಜ್ಜಂದಿರೇ, ಇದು ನಿಮಗೆ ಹೊಸದಲ್ಲ. ‘ಹೊತ್ತು ಮುಳುಗೋದರೊಳಗೆ ಹೋಗಿ ಬರಬಹುದು’ ಎಂದು ದಾರಿಯನ್ನು ಹೊತ್ತಿನಲ್ಲೇ ಅಳೆದವರು ನೀವು.

ಮಕ್ಕಳೇ, ಈ ಹೊತ್ತಿನ ಲೆಕ್ಕವನ್ನು ನೀವೇ ಮಾಡಬಹುದು. ಸ್ಕಾಟ್ಲೆಂಡಿನ ವಿಲಿಯಂ ನೈಸ್ಮಿತ್ ಎಂಬ ಚಾರಣಿಗ 1892ರಲ್ಲಿ ಒಂದು ಸೂತ್ರ ಹೇಳಿದ. ಈಗಿನ ಅಳತೆಯಲ್ಲಿ ಅದು ಹೀಗೆ: ಐದು ಕಿಲೋಮೀಟರಿಗೆ ಒಂದು ಗಂಟೆ, ಜೊತೆಗೆ ಏರುವ ಪ್ರತಿ 100 ಮೀಟರ್ ಎತ್ತರಕ್ಕೆ ಹತ್ತು ನಿಮಿಷ. ಎರಡು ಕಿಲೋಮೀಟರ್ ದಾರಿ, 150 ಮೀಟರ್ ಏರು ಎಂದಿಟ್ಟುಕೊಳ್ಳಿ. ದಾರಿಗೆ 24 ನಿಮಿಷ, ಏರಿಗೆ 15 ನಿಮಿಷ, ಒಟ್ಟು 39. ಆದರೆ ಇದು ಗಟ್ಟಿಮುಟ್ಟಾದವರು ನಿಲ್ಲದೆ ನಡೆಯುವ ಲೆಕ್ಕ. ಅಜ್ಜಿ ಮತ್ತು ಐದು ವರ್ಷದ ತಂಗಿ ಜೊತೆಗಿದ್ದರೆ ಎರಡರಷ್ಟು ಮಾಡಿ. ಸುಮಾರು 80 ನಿಮಿಷ ಬೇಕು.

ಹೊತ್ತಿನ ಲೆಕ್ಕ ಗೊತ್ತಾದ ಮೇಲೆ ಇನ್ನೊಂದು ಹೊತ್ತನ್ನು ಮನೆಯಲ್ಲೇ ಗೊತ್ತುಮಾಡಿಕೊಳ್ಳಬೇಕು. ಅದು ಹಿಂದಿರುಗುವ ಹೊತ್ತು. ಹಿಮದ ಬೆಟ್ಟದಲ್ಲಿ ಕತ್ತಲೆ, ಮಂಜು ಕವಿಯುವ ಮೊದಲೇ ಇಳಿಯಬೇಕು. ನಮ್ಮಲ್ಲಿ ಬಿಸಿಲು ಬಲಿಯುವ ಮೊದಲು ಇಳಿಯಬೇಕು. ಬೆಳಿಗ್ಗೆ ಆರಕ್ಕೆ ಹೊರಟರೆ, ಎಂಟೂವರೆಗೆ ಎಲ್ಲಿದ್ದರೂ ವಾಪಸು ಎಂದು ಮಾತಾಗಲಿ. ಗುಡಿ ಇನ್ನೂ ಹತ್ತು ಮೆಟ್ಟಿಲು ಇದ್ದರೆ? ಅಜ್ಜಿ ಸರಿಯಿದ್ದರೆ ಹತ್ತಿ. ಇನ್ನೂ ಅರ್ಧ ಬೆಟ್ಟ ಇದ್ದರೆ ಅಲ್ಲಿಂದಲೇ ಕೈಮುಗಿದು ಇಳಿಯಿರಿ. ಬೆಟ್ಟ ಎಲ್ಲಿಗೂ ಓಡಿ ಹೋಗುವುದಿಲ್ಲ.

ಇಲ್ಲಿ ದೊಡ್ಡವರಿಗೂ ಚಿಕ್ಕವರಿಗೂ ಒಂದು ಮಾತು. ಮೊಮ್ಮಕ್ಕಳ ಮುಂದೆ ‘ಸುಸ್ತಾಯಿತು’ ಎನ್ನಲು ಅಜ್ಜಂದಿರಿಗೆ ಸಂಕೋಚ. ಮಕ್ಕಳ ಖುಷಿ ಕೆಡಬಾರದೆಂದು ಹಲ್ಲು ಕಚ್ಚಿಕೊಂಡು ಹತ್ತುತ್ತಾರೆ. ಮಕ್ಕಳೂ ಕಡಿಮೆಯಿಲ್ಲ, ಆಟದ ಗುಂಗಿನಲ್ಲಿ ಬಾಯಾರಿಕೆಯನ್ನು ಮರೆತು ಆಮೇಲೆ ಸೊಪ್ಪಿನಂತೆ ಬಾಡಿ ಕೂರುತ್ತಾರೆ. ಆದ್ದರಿಂದ ನಡಿಗೆಗೆ ಮೊದಲೇ ಒಂದು ಒಪ್ಪಂದ ಮಾಡಿಕೊಳ್ಳಿ. ಯಾರೇ ಆಗಲಿ ‘ಕುಂತ್ಕಳಣ’ ಅಂದರೆ ಎಲ್ಲರೂ ಕೂರಬೇಕು. ಯಾಕೆ ಎಂದು ಯಾರೂ ಕೇಳಬಾರದು. ನಕ್ಕು ಆಡಿಕೊಳ್ಳಲೂಬಾರದು. ಅಜ್ಜನ ಮುಖ ಬೆವತು ಬಿಳಿಚಿಕೊಂಡರೆ, ಎದೆ ಹಿಡಿದಂತಾದರೆ, ತಲೆ ಸುತ್ತಿದರೆ ನಡಿಗೆ ಅಲ್ಲಿಗೇ ಮುಗಿಯಿತು. ನೆರಳಲ್ಲಿ ಕೂರಿಸಿ, ದೊಡ್ಡವರನ್ನು ಕರೆಯಿರಿ. ತಡಮಾಡದೆ ವೈದ್ಯರಿಗೆ ತೋರಿಸಬೇಕು.

ಸಾಲಿನಲ್ಲಿ ಮುಂದೆ ಯಾರಿರಬೇಕು? ಎಲ್ಲರಿಗಿಂತ ನಿಧಾನ ನಡೆಯುವವರು. ಅಜ್ಜಿ ಮುಂದಿದ್ದರೆ ಅವರ ಹೆಜ್ಜೆಯೇ ಎಲ್ಲರ ಹೆಜ್ಜೆ. ಯಾರೂ ಹಿಂದೆ ಉಳಿಯುವುದಿಲ್ಲ. ಇಳಿಯುವಾಗ ಮಂಡಿಗೆ ಹೆಚ್ಚು ಭಾರ ಬೀಳುತ್ತದೆ. ಆಗ ಅಜ್ಜಿಗೊಂದು ಊರುಗೋಲು, ಪಕ್ಕದಲ್ಲಿ ಮೊಮ್ಮಗಳ ಹೆಗಲು ಇರಲಿ.

ಹಿಮದಲ್ಲಿ ನಡೆಯುವವರು ಕಪ್ಪು ಕನ್ನಡಕ ಹಾಕುತ್ತಾರೆ. ಹೊಸ ಹಿಮ ತನ್ನ ಮೇಲೆ ಬಿದ್ದ ಬೆಳಕಿನ ಬಹುಪಾಲನ್ನು ಹಿಂದಕ್ಕೆ ಎಸೆದು ಕಣ್ಣು ಕುಕ್ಕುತ್ತದೆ. ಕಾಲು ಹೂತುಹೋಗದಂತೆ ಅಗಲವಾದ ಹಿಮಪಾದುಕೆಯನ್ನೂ ಕಟ್ಟಿಕೊಳ್ಳುತ್ತಾರೆ. ನಮ್ಮ ಕಲ್ಲಿನ ಗುಣವೇ ಬೇರೆ. ಅದು ಬಿಸಿಲನ್ನು ಕುಡಿದು ಇಟ್ಟುಕೊಂಡು, ಸಂಜೆಯಾದ ಮೇಲೂ ಬಿಸಿ ಉಗುಳುತ್ತದೆ. ಹಾಗಾಗಿ ನಮಗೆ ಟೋಪಿ ಅಥವಾ ತಲೆಗೊಂದು ಟವೆಲ್ಲು, ಜಾರದ ಚಪ್ಪಲಿ, ಒಬ್ಬೊಬ್ಬರಿಗೂ ಬೇರೆ ನೀರಿನ ಬಾಟಲಿ ಬೇಕು. ಬುತ್ತಿಗೆ ಚಿತ್ರಾನ್ನ, ಸೌತೆಕಾಯಿ, ಕಡಲೆಕಾಯಿ ಬೀಜ, ಒಂದು ತುಂಡು ಬೆಲ್ಲ ಇದ್ದರೆ ಸಾಕು. ಕೋತಿಗಳಿರುವ ಕಡೆ ಗಂಟು ಬಿಚ್ಚಬೇಡಿ.

ಕೊನೆಯದಾಗಿ, ದಾರಿ ಬಿಟ್ಟು ಹೋಗಬೇಡಿ. 1914ರಲ್ಲಿ ಆರಂಭವಾದ ಸ್ವಿಸ್ ರಾಷ್ಟ್ರೀಯ ಉದ್ಯಾನದಲ್ಲಿ ಗುರುತು ಮಾಡಿದ ಕಾಲುದಾರಿ ಬಿಟ್ಟು ಒಂದು ಹೆಜ್ಜೆ ಆಚೆ ಇಡುವಂತಿಲ್ಲ. ಹೂವು ಕೀಳುವಂತಿಲ್ಲ, ನಾಯಿ ತರುವಂತಿಲ್ಲ. ಚಳಿಗಾಲದಲ್ಲಂತೂ ಪ್ರವಾಸಿಗರಿಗೆ ಪ್ರವೇಶವೇ ಇಲ್ಲ. ಹಿಮದಲ್ಲಿ ನಡೆಯುವ ಆಸೆಯಿದ್ದವರು ಉದ್ಯಾನದ ಹೊರಗೆ ನಡೆಯಬೇಕು. ಹಿಮಗಾಲದಲ್ಲಿ ಮೇವು ಕಡಿಮೆ. ಕಾಡಾಡು ಬೆದರಿ ಆಳ ಹಿಮದಲ್ಲಿ ಓಡಿದರೆ ಮೈಯಲ್ಲಿ ಉಳಿಸಿಕೊಂಡ ಕೊಬ್ಬು ಕರಗುತ್ತದೆ; ವಸಂತದವರೆಗೆ ಅದು ಬದುಕುವುದೇ ಕಷ್ಟ.

ನಮ್ಮ ಬೆಟ್ಟಗಳಿಗೆ ಅಂಥ ಕಷ್ಟದ ಕಾಲ ಬೇಸಿಗೆ. ನವಿಲು, ಗೌಜಲು ಹಕ್ಕಿಗಳು ಮೊಟ್ಟೆಯಿಡುವುದು ನೆಲದ ಮೇಲೆ, ಪೊದೆಯ ಮರೆಯಲ್ಲಿ. ಒಣಗಿದ ಹುಲ್ಲಿಗೆ ಯಾರೋ ಎಸೆದ ಒಂದು ಬೀಡಿ ತುಂಡು ಸಾಕು, ಮೊಟ್ಟೆ, ಮರಿ, ನೆಟ್ಟ ಸಸಿ ಎಲ್ಲ ಬೂದಿ. ಆದ್ದರಿಂದ ಬೆಂಕಿಪೊಟ್ಟಣ ಮನೆಯಲ್ಲೇ ಇರಲಿ. ಬೆಟ್ಟದ ಮೇಲೆ ಹೊಗೆ ಕಂಡರೆ ನೋಡುತ್ತ ನಿಲ್ಲದೆ ಕೆಳಗಿಳಿದು ದೊಡ್ಡವರಿಗೆ ಹೇಳಿ.

ಕರಿಘಟ್ಟ ಹತ್ತಿ ಬಂದವರಿಗೆ ಮುಂದಿನ ಬೆಟ್ಟಗಳೂ ಕಾದಿವೆ. ಪಾಂಡವಪುರದ ಕುಂತಿಬೆಟ್ಟ, ಮೇಲುಕೋಟೆಯ ಯೋಗಾನರಸಿಂಹನ ಬೆಟ್ಟ, ನಾಗಮಂಗಲ ಕಡೆಯ ನವಿಲುಗಳ ಆದಿಚುಂಚನಗಿರಿ. ಒಂದು ನೋಟ್‌ಬುಕ್ ಇಟ್ಟುಕೊಳ್ಳಿ. ಹೊರಟ ಹೊತ್ತು, ತಲುಪಿದ ಹೊತ್ತು, ಎಷ್ಟು ಸಲ ‘ಕುಂತ್ಕಳಣ’ ಅಂದಿರಿ, ಕೂತಲ್ಲಿ ಅಜ್ಜ ಯಾವ ಕತೆ ಹೇಳಿದರು ಎಂದು ಬರೆಯಿರಿ. ನಿಮ್ಮ ಮನೆಯವರು ಎಷ್ಟು ಹೊತ್ತಿಗೆ ಯಾವ ಬೆಟ್ಟ ಹತ್ತುತ್ತಾರೆ ಎಂಬ ಲೆಕ್ಕ ನೈಸ್ಮಿತ್‌ಗಿಂತ ನಿಮಗೇ ಚೆನ್ನಾಗಿ ಗೊತ್ತಾಗುತ್ತದೆ.