ಒಣನಾಡಿಗೆ ಲಾರಿಯಲ್ಲಿ ಬರುವ ಮಳೆ

ಮಳೆ ಕಡಿಮೆ, ಬಿಸಿಲು ಹೆಚ್ಚು. ಆದ್ದರಿಂದ ಮನೆಗಸದೊಂದಿಗೆ ಒಳಚರಂಡಿಯ ಕೆಸರನ್ನು ಬೆರೆಸಿ ಹೂಳಿದರೂ ಅಂತರ್ಜಲಕ್ಕೆ ಕೇಡಿಲ್ಲ ಎಂಬ ವಾದ ಒಣಹವೆಯ ನಾಡುಗಳಲ್ಲಿ ಬಹುಕಾಲದಿಂದ ಕೇಳಿಬರುತ್ತಿದೆ. ಒಣಕಸ ನೀರನ್ನು ಹೀರಿಕೊಳ್ಳುತ್ತದೆ, ಕೆಸರಿನ ಸೂಕ್ಷ್ಮಜೀವಿಗಳು ಕಸವನ್ನು ಬೇಗ ಕೊಳೆಸುತ್ತವೆ, ಒಂದೇ ಗುಂಡಿಯಲ್ಲಿ ಎರಡು ಪೀಡೆಗಳೂ ತೊಲಗುತ್ತವೆ ಎಂಬುದು ಅದರ ಸಮರ್ಥನೆ.

ದಕ್ಷಿಣ ಆಫ್ರಿಕದ ಜಲ ಮತ್ತು ಅರಣ್ಯ ಇಲಾಖೆಯು 1998ರ ತನ್ನ ಭೂಭರ್ತಿ ಕೈಪಿಡಿಯಲ್ಲಿ, ಬೀಳುವ ಮಳೆಯಿಂದ ಆವಿಯಾಗುವ ನೀರನ್ನು ಕಳೆದು ಕಸದ ತಾಣಗಳನ್ನು ವಿಂಗಡಿಸಿತು. ನೀರು ಮಿಗದ ತಾಣ ‘ಬಿ-ಮೈನಸ್’ ಎನಿಸಿತು. ಸಾಮಾನ್ಯ ಕಸವನ್ನಷ್ಟೇ ಹೂಳುವ ಅಂಥ ತಾಣಗಳಲ್ಲಿ ಲೀಚೇಟ್ ಎಂಬ ಕೊಳೆರಸವನ್ನು ಸಂಗ್ರಹಿಸುವ ಏರ್ಪಾಡು ಕಡ್ಡಾಯವಿರಲಿಲ್ಲ. ಲೆಕ್ಕವೇನೋ ಸರಿ, ಆದರೆ ಅದು ಆಕಾಶದಿಂದ ಬೀಳುವ ನೀರಿನ ಲೆಕ್ಕ. ಯಂತ್ರದಲ್ಲಿ ಹಿಂಡಿದ ಮೇಲೂ ಕೆಸರಿನ ತೂಕದಲ್ಲಿ ಸಾಮಾನ್ಯವಾಗಿ ಶೇ. 80ರಷ್ಟು ನೀರೇ ಇರುತ್ತದೆ. ಹತ್ತು ಟನ್ ಕೆಸರು ಹೊತ್ತ ಲಾರಿಯೊಂದು ಎಂಟು ಸಾವಿರ ಲೀಟರ್ ನೀರನ್ನು ತಂದು ಸುರಿಯುತ್ತದೆ. ಮೋಡವಿಲ್ಲದೆ ಬರುವ ಈ ಮಳೆಯನ್ನು ಯಾವ ಮಳೆಮಾಪಕ ಅಳೆದೀತು? ದ್ರವವಾಗಲಿ, ನೀರುಗೂಡಿದ ಕೆಸರಾಗಲಿ ಸೇರಿದರೆ ಲೆಕ್ಕ ಕೆಡುತ್ತದೆಂದು ಅದೇ ಕೈಪಿಡಿ ಎಚ್ಚರಿಸಿತ್ತು. (ರಿಯಾಯಿತಿಯ ಪುಟವನ್ನು ಓದಿ ಎಚ್ಚರಿಕೆಯ ಪುಟವನ್ನು ಮಗುಚುವುದು ಆಡಳಿತಗಳಿಗೆ ಹೊಸದಲ್ಲ.)

ಕಸ ನೀರನ್ನು ಹೀರುವುದು ನಿಜ, ಹೊಟ್ಟೆ ತುಂಬುವವರೆಗೆ. ಕೊಟ್ಟಿಗೆಯ ಸೊಪ್ಪಿನ ಹಾಸು ಒಂದು ಹಂತದವರೆಗೆ ಗಂಜಳ ಹೀರಿ ಆಮೇಲೆ ಒಸರತೊಡಗುವುದನ್ನು ಮಲೆನಾಡಿನ ಯಾವ ರೈತನಿಗೂ ಕಲಿಸಬೇಕಿಲ್ಲ. ವಾರ್ಷಿಕ ಸರಾಸರಿಯೂ ಮೋಸಗೊಳಿಸುತ್ತದೆ. ಕೇಪ್‌ಟೌನ್‌ನಲ್ಲಿ ಮಳೆ ಬರುವುದು ಚಳಿಗಾಲದಲ್ಲಿ, ನೀರು ಆವಿಯಾಗುವುದು ಅತಿ ಕಡಿಮೆ ಇರುವಾಗ. ಕೆಸರಿನಿಂದ ಮೊದಲೇ ತೊಯ್ದ ರಾಶಿಗೆ ಆಗ ಹನಿ ನೀರನ್ನೂ ಹಿಡಿದಿಡುವ ಶಕ್ತಿಯಿರುವುದಿಲ್ಲ. ಅಮೋನಿಯ, ಕಾರ್ಖಾನೆಗಳಿಂದ ಚರಂಡಿ ಸೇರಿದ ಸತು, ಸೀಸ, ಕ್ಯಾಡ್ಮಿಯಂಗಳನ್ನು ಹೊತ್ತ ರಸ ಕೆಳಗಿಳಿಯುತ್ತದೆ. ನದಿಯಿಲ್ಲದ ಊರಿಗೆ ಬಾವಿಯೊಂದೇ ಗತಿ.

ತೊಯ್ದ ರಾಶಿ ನಿಲ್ಲುವುದೂ ಇಲ್ಲ. ಡರ್ಬಾನ್ ಒಣನಾಡಲ್ಲವಾದರೂ ಅಲ್ಲಿನ ಬುಲ್‌ಬುಲ್ ತಾಣದಲ್ಲಿ ದ್ರವತ್ಯಾಜ್ಯವನ್ನು ಕಸದೊಂದಿಗೆ ಸುರಿಯುತ್ತಿದ್ದರು. 1997ರಲ್ಲಿ ಸುಮಾರು 1,60,000 ಘನ ಮೀಟರ್ ಕಸ ಕುಸಿದು ಜಾರಿತು.

ಶೇ. 40ಕ್ಕಿಂತ ಹೆಚ್ಚು ತೇವದ ತ್ಯಾಜ್ಯವನ್ನು ಭೂಭರ್ತಿಗೆ ಹಾಕಬಾರದೆಂಬ ನಿಯಮವನ್ನು ದಕ್ಷಿಣ ಆಫ್ರಿಕ 2013ರಲ್ಲಿ ಮಾಡಿ, ಆರು ವರ್ಷಗಳ ಗಡುವು ನೀಡಿತು. ಅಷ್ಟರಲ್ಲಿ ಹೂತದ್ದನ್ನು ಯಾವ ನಿಯಮವೂ ಮೇಲೆತ್ತದು. ಒಣನಾಡಿನಲ್ಲಿ ಬಿಸಿಲಿಗೆ ಬೆಲೆಯಿಲ್ಲ, ಬರಡು ನೆಲಕ್ಕೂ ಬರವಿಲ್ಲ. ಮರಳುಹಾಸಿನ ಮೇಲೆ ಕೆಸರನ್ನು ಹರಡಿ ಒಣಗಿಸಲು ಬೇಕಾದದ್ದು ಇವೆರಡೇ. ಕಾರ್ಖಾನೆಯ ಕೊಳಕು ಮನೆಗಳ ಚರಂಡಿಗೆ ಸೇರದಂತೆ ತಡೆದರೆ, ಇಂದು ಹೂತುಹೋಗುತ್ತಿರುವ ಸಾರಜನಕವೂ ರಂಜಕವೂ ಆ ಬಡಮಣ್ಣಿಗೇ ಮರಳಬಲ್ಲವು.