ರೀಲ್ಸ್ ಕಾಲದಾಗ ರೀಲಿನ ಕ್ಯಾಮೆರಾ

ಟ್ರಂಕಿನಲ್ಲೋ ಅಲ್ಮೇರಾದ ಮೇಲೋ ದೂಳು ತಿನ್ನುತ್ತ ಕೂತಿದ್ದ ರೀಲಿನ ಕ್ಯಾಮೆರಾಗಳು ಮತ್ತೆ ಕೆಳಗಿಳಿಯುತ್ತಿವೆ. ಅಪ್ಪನ ಮದುವೆ ಕಾಲದ ಯಾಶಿಕಾ, ಕಾಕಾ ಟೂರಿಗೆ ಒಯ್ಯುತ್ತಿದ್ದ ಕೊಡಕ್ ಈಗ ಕಾಲೇಜು ಹುಡುಗ–ಹುಡುಗಿಯರ ಕೊರಳಿಗೆ ಬಂದಿವೆ. ‘ಕೈಯಾಗ ಮೊಬೈಲ್ ಐತಲ್ಲ, ಮತ್ತ್ಯಾಕಪಾ ಇದು?’ ಎಂದು ಮನೆಯವರು ಕೇಳುತ್ತಾರೆ. ಕೇಳಬೇಕಾದ ಪ್ರಶ್ನೆಯೇ. ಲಕ್ಷ ಫೋಟೊ ಹಿಡಿಸುವ ಮೊಬೈಲ್ ಇದ್ದೂ 36 ಫೋಟೊಗೆ ಮುಗಿದುಹೋಗುವ ರೀಲಿನ ಹಿಂದೆ ಬೀಳುವುದು ಬರೀ ಶೋಕಿಯೋ, ಅದರಲ್ಲಿ ಬೇರೇನಾದರೂ ಇದೆಯೋ?

ಶೋಕಿ ಎಂದು ತಳ್ಳಿಹಾಕುವ ಮುನ್ನ ಮಾರುಕಟ್ಟೆಯತ್ತ ಒಮ್ಮೆ ನೋಡಬೇಕು. 1975ರಲ್ಲಿ ಡಿಜಿಟಲ್ ಕ್ಯಾಮೆರಾದ ಮೊದಲ ಮಾದರಿ ಸಿದ್ಧವಾದದ್ದು ಕೊಡಕ್ ಕಂಪನಿಯ ಪ್ರಯೋಗಾಲಯದಲ್ಲೇ. ಅದೇ ಕೊಡಕ್ 2012ರ ಜನವರಿಯಲ್ಲಿ ದಿವಾಳಿ ರಕ್ಷಣೆ ಕೋರಿ ಕೋರ್ಟಿಗೆ ಹೋಯಿತು. ರೀಲಿನ ಕಥೆ ಮುಗಿಯಿತು ಎಂದೇ ಎಲ್ಲರೂ ಅಂದುಕೊಂಡರು. ಆದರೆ ಹತ್ತು ವರ್ಷಗಳ ನಂತರ, 2022ರಲ್ಲಿ, ಕೊಡಕ್ ತನ್ನ ‘ಗೋಲ್ಡ್’ ಫಿಲ್ಮನ್ನು ದೊಡ್ಡ ಅಳತೆಯಲ್ಲೂ ಮಾರುಕಟ್ಟೆಗೆ ತಂದಿತು. 2023ರಲ್ಲಿ ಇಂಗ್ಲೆಂಡಿನ ಹಾರ್ಮನ್ ಕಂಪನಿ ‘ಫೀನಿಕ್ಸ್’ ಎಂಬ ಹೊಸ ಕಲರ್ ಫಿಲ್ಮ್ ಬಿಡುಗಡೆ ಮಾಡಿತು. ಅದೇ ವರ್ಷ ಬಂದ ಕ್ರಿಸ್ಟೋಫರ್ ನೋಲನ್ ಅವರ ‘ಓಪನ್‌ಹೈಮರ್’ ಚಿತ್ರೀಕರಣವಾದದ್ದೂ ಫಿಲ್ಮಿನಲ್ಲೇ. 2024ರ ಜೂನ್‌ನಲ್ಲಿ ‘ಪೆಂಟಾಕ್ಸ್ 17’ ಎಂಬ ಹೊಸ ರೀಲಿನ ಕ್ಯಾಮೆರಾ ಬಂತು. ಮೊಬೈಲಿನಂತೆ ಉದ್ದುದ್ದ ಫೋಟೊ ತೆಗೆಯುವ ಈ ಕ್ಯಾಮೆರಾದಲ್ಲಿ 36ರ ರೀಲಿಗೆ 72 ಫೋಟೊ ಬರುತ್ತವೆ. ಇದನ್ನು ಕೊಳ್ಳುವವರು ಯಾರೆಂದು ಕಂಪನಿಗೆ ಚೆನ್ನಾಗಿ ಗೊತ್ತಿದೆ ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಕಿಲ್ಲ.

ಹಲಗೆಯಿಂದ ಬೆಳ್ಳಿತೆರೆಗೆ, ತೆರೆಯಿಂದ ಫಿಲ್ಮಿಗೆ

ಈ ಮರಳುವಿಕೆಯ ಮಾತು ಬಂದಾಗ ನಾವು ಗಮನಿಸಬೇಕಾದ ಒಂದು ಹೆಸರು ಅಮೆರಿಕದ ಜೇಸನ್ ಲೀ. 1970ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಹುಟ್ಟಿದ ಇವರು ಮೊದಲು ಹೆಸರು ಮಾಡಿದ್ದು ಸ್ಕೇಟ್‌ಬೋರ್ಡಿಂಗ್‌ನಲ್ಲಿ. ನಮ್ಮಲ್ಲಿ ಸ್ಕೇಟಿಂಗ್ ಎಂದರೆ ಬೆಳಗಾವಿಯ ಮಕ್ಕಳು ಕಾಲಿಗೆ ಗಾಲಿ ಕಟ್ಟಿಕೊಂಡು ಮಾಡಿದ ದಾಖಲೆಗಳು ನೆನಪಾಗುತ್ತವೆ. ಇದು ಬೇರೆ. ನಾಲ್ಕು ಗಾಲಿಯ ಹಲಗೆಯ ಮೇಲೆ ನಿಂತು ಮೆಟ್ಟಿಲು, ಕಟ್ಟೆ, ಕಂಬಿಗಳ ಮೇಲೆ ಹಾರುವ ಆಟ. ಟೋಕಿಯೊ ಒಲಿಂಪಿಕ್ಸ್‌ನಿಂದ ಪದಕದ ಪಟ್ಟಿಗೂ ಸೇರಿದೆ. ಲೀ 1992ರಲ್ಲಿ ಗೆಳೆಯನ ಜೊತೆ ‘ಸ್ಟೀರಿಯೊ’ ಎಂಬ ಸ್ಕೇಟ್‌ಬೋರ್ಡ್ ಕಂಪನಿ ಕಟ್ಟಿದರು. 1995ರ ‘ಮಾಲ್‌ರ‍್ಯಾಟ್ಸ್’ ಚಿತ್ರದಿಂದ ನಟರಾದರು. 2005ರಿಂದ 2009ರವರೆಗೆ ಪ್ರಸಾರವಾದ ‘ಮೈ ನೇಮ್ ಈಸ್ ಅರ್ಲ್’ ಧಾರಾವಾಹಿ ಅವರನ್ನು ಮನೆಮಾತಾಗಿಸಿತು.

ಇಷ್ಟೆಲ್ಲ ಇದ್ದವರು ಆಮೇಲೆ ಹೆಗಲಿಗೇರಿಸಿದ್ದು ಫಿಲ್ಮ್ ಕ್ಯಾಮೆರಾ. ಅದೂ ಸಣ್ಣದಲ್ಲ, ನಾಲ್ಕು ಇಂಚು ಅಗಲ, ಐದು ಇಂಚು ಉದ್ದದ ಬಿಡಿ ಫಿಲ್ಮ್ ಹಾಳೆ ಹಾಕುವ, ಮೂರು ಕಾಲಿನ ಸ್ಟ್ಯಾಂಡ್ ಬೇಡುವ ದೊಡ್ಡ ಕ್ಯಾಮೆರಾ. ಒಂದು ಹಾಳೆಗೆ ಒಂದೇ ಫೋಟೊ. ಅದನ್ನು ಹೊತ್ತು ಟೆಕ್ಸಾಸ್‌ನ ಸಣ್ಣ ಊರುಗಳನ್ನು ಸುತ್ತಿ, ಖಾಲಿ ಬೀದಿ, ಹಳೆಯ ಕಟ್ಟಡಗಳನ್ನು ಸೆರೆಹಿಡಿದರು. ಆ ಚಿತ್ರಗಳು 2018ರಲ್ಲಿ ‘ಎ ಪ್ಲೇನ್ ವ್ಯೂ’ ಎಂಬ ಪುಸ್ತಕವಾದವು. ಟಲ್ಸಾ ನಗರದ ಫಿಲ್‌ಬ್ರುಕ್ ಮ್ಯೂಸಿಯಂ ಅವರ ಒಕ್ಲಹೋಮಾ ಚಿತ್ರಗಳ ಪ್ರದರ್ಶನ ನಡೆಸಿತು.

ಮೇಲ್ನೋಟಕ್ಕೆ ಆಟ, ನಟನೆ, ಫೋಟೊಗ್ರಫಿ ಮೂರೂ ಮೂರು ದಿಕ್ಕು. ಆದರೆ ಒಂದು ಎಳೆ ಕಾಣುತ್ತದೆ. ನಾವು ನಡೆದು ದಾಟುವ ಮೆಟ್ಟಿಲನ್ನು ಸ್ಕೇಟ್‌ಬೋರ್ಡರ್ ನಿಂತು ನೋಡುತ್ತಾನೆ. ಎತ್ತರ ಎಷ್ಟು, ಇಳಿಜಾರು ಎಷ್ಟು, ಎಲ್ಲಿ ಕಾಲಿಟ್ಟರೆ ಜಾರುತ್ತದೆ ಎಂದು ಅಳೆಯುತ್ತಾನೆ. ಯಾರಿಗೂ ಬೇಡವಾದ ಜಾಗವನ್ನು ಕಣ್ಣಿಟ್ಟು ನೋಡುವ ಅಭ್ಯಾಸ ಅದು. ಜೊತೆಗೆ ಒಂದು ಜಿಗಿತ ಕೂಡಿಬರಲು ನೂರು ಸಲ ಬೀಳುವುದಕ್ಕೆ ನಾಚದ ಗುಣ. ರೀಲಿನ ಫೋಟೊಗೂ ಬೇಕಾದದ್ದು ಇವೇ ಎರಡು: ನಿಂತು ನೋಡುವ ಕಣ್ಣು, ಕೆಟ್ಟುಹೋದರೂ ಮತ್ತೆ ಮಾಡುವ ತಾಳ್ಮೆ.

ಧಾರವಾಡಕ್ಕೆ ಹೊಸದಲ್ಲ

ಒಂದರಲ್ಲಿ ಹೆಸರು ಮಾಡಿ ಇನ್ನೊಂದರಲ್ಲಿ ವಿದ್ಯಾರ್ಥಿಯಾಗಿ ಕೂರುವುದು ನಮ್ಮ ಊರಿಗೆ ಹೊಸದೇನಲ್ಲ. ಧಾರವಾಡದ ಹತ್ತಿರದ ಮನಸೂರಿನಲ್ಲಿ 1910ರಲ್ಲಿ ಹುಟ್ಟಿದ ಮಲ್ಲಿಕಾರ್ಜುನ ಮನಸೂರರು ಬಾಲ್ಯದಲ್ಲಿ ನಾಟಕ ಕಂಪನಿಯ ನಟ. ಅಲ್ಲಿ ಅವರ ಕಂಠ ಕೇಳಿದ ನೀಲಕಂಠಬುವಾ ಮಿರಜಿಗೆ ಕರೆದೊಯ್ದು ಹಾಡು ಕಲಿಸಿದರು. ಮುಂದೆ ಗ್ರಾಮಫೋನ್ ರೆಕಾರ್ಡುಗಳು ಬಂದವು, ಹೆಸರೂ ಬಂತು. ಅಷ್ಟಾದ ಮೇಲೂ ಅವರು ಮಂಜಿಖಾನರ ಮುಂದೆ ಮತ್ತೆ ಶಿಷ್ಯನಾಗಿ ಕೂತು ಜೈಪುರ–ಅತ್ರೌಲಿ ಗಾಯಕಿ ಕಲಿತರು. 1937ರಲ್ಲಿ ಮಂಜಿಖಾನರು ತೀರಿಕೊಂಡಾಗ ಅವರ ತಮ್ಮ ಭುರ್ಜಿಖಾನರ ಬಳಿ ಕಲಿಕೆ ಮುಂದುವರಿಸಿದರು. ನಾವಿಂದು ಕೇಳುವ ಮನಸೂರರು ರೂಪುಗೊಂಡದ್ದು ಈ ಎರಡನೇ ವಿದ್ಯಾರ್ಥಿ ಜೀವನದಲ್ಲಿ.

ಕ್ಯಾಮೆರಾದ ಲೋಕದಲ್ಲೂ ಕನ್ನಡದವರ ಉದಾಹರಣೆಗಳಿವೆ. ಪಿಟೀಲು ನುಡಿಸುತ್ತಿದ್ದ ಮೈಸೂರಿನ ವಿ.ಕೆ. ಮೂರ್ತಿ ‘ಕಾಗಜ್ ಕೆ ಫೂಲ್’ ಚಿತ್ರದ ಛಾಯಾಗ್ರಾಹಕರಾಗಿ, ಮುಂದೆ ದಾದಾಸಾಹೇಬ್ ಫಾಲ್ಕೆ ಪ್ರಶಸ್ತಿ ಪಡೆದ ಮೊದಲ ಛಾಯಾಗ್ರಾಹಕರಾದರು. ಮೈಸೂರಿನವರೇ ಆದ ಟಿ.ಎಸ್. ಸತ್ಯನ್ 1948ರಲ್ಲಿ ಪತ್ರಿಕಾ ಛಾಯಾಗ್ರಾಹಕರಾಗಿ ಕೆಲಸ ಶುರುಮಾಡಿ, ನಂತರ ಸ್ವತಂತ್ರವಾಗಿ ದುಡಿದರು. ಅವರು ತೆಗೆದ ಮಕ್ಕಳ ಚಿತ್ರಗಳು 1979ರಲ್ಲಿ ನ್ಯೂಯಾರ್ಕಿನ ವಿಶ್ವಸಂಸ್ಥೆಯಲ್ಲಿ ಪ್ರದರ್ಶನಗೊಂಡವು. ಇವರೆಲ್ಲ ದುಡಿದದ್ದು ರೀಲು ಎಣಿಸಿ ಎಣಿಸಿ ಬಳಸುವ ಕಾಲದಲ್ಲಿ.

ಲೆಕ್ಕ ಬಿಡುವಂತಿಲ್ಲ

ಇಲ್ಲಿಗೆ ನಿಲ್ಲಿಸಿದರೆ ‘ಮನಸ್ಸಿಗೆ ಬಂದದ್ದು ಮಾಡಿ’ ಎಂಬ ಇನ್ನೊಂದು ಉಪದೇಶವಾದೀತು. ಅಂಥ ಉಪದೇಶದಿಂದ ಸಪ್ತಾಪುರದ ರೂಮಿನ ಬಾಡಿಗೆ ಕಟ್ಟಲು ಆಗುವುದಿಲ್ಲ. ಜೇಸನ್ ಲೀ ದಿಕ್ಕು ಬದಲಿಸಿದಾಗ ಅವರ ಹಿಂದೆ ಎರಡು ವೃತ್ತಿಗಳ ದುಡಿಮೆ ಇತ್ತು. ನಮ್ಮ ಹಿಂದೆ ಏನಿದೆ? ಕೆಪಿಎಸ್‌ಸಿ ಅರ್ಜಿಯಲ್ಲಿ ವಯೋಮಿತಿ ಸಾಮಾನ್ಯವಾಗಿ 35, 38, 40ರ ಗೆರೆಗಳಲ್ಲಿ ನಿಲ್ಲುತ್ತದೆ. ಆಗೀಗ ಸಡಿಲಿಕೆ ಸಿಕ್ಕರೂ ಗೆರೆ ಗೆರೆಯೇ. ಅಧಿಸೂಚನೆಗೆ ಕಾಯುವ ಹುಡುಗನಿಗೆ ಮೊದಲ ವೃತ್ತಿಯೇ ಕೈಗೆ ಹತ್ತಿರುವುದಿಲ್ಲ. ಎರಡನೆಯದರ ಮಾತು ದೂರ.

ರೀಲಿನ ಲೆಕ್ಕವನ್ನೇ ಹಾಕೋಣ. ಒಂದು ಕಲರ್ ರೀಲಿಗೆ ಈಗ ಸಾವಿರ ರೂಪಾಯಿಯ ಆಸುಪಾಸು. ತೊಳೆಸಿ, ಸ್ಕ್ಯಾನ್ ಮಾಡಿಸಲು ಮತ್ತೆ ನೂರಾರು ರೂಪಾಯಿ. ಎರಡೂ ಸೇರಿ 1,500 ಎಂದು ಹಿಡಿದರೆ ಒಂದು ಫೋಟೊಗೆ ಸುಮಾರು 40 ರೂಪಾಯಿ. ಹುಬ್ಬಳ್ಳಿಯಲ್ಲಿ ಗಿರ್ಮಿಟ್ ತಿಂದು ಚಹಾ ಕುಡಿಯುವ ದುಡ್ಡು ಒಂದು ಸಲ ‘ಕ್ಲಿಕ್’ ಎನ್ನುವುದಕ್ಕೆ ಹೋಯಿತು. 2024ರ ಜನವರಿಯಲ್ಲಿ ಶಿವಮೊಗ್ಗದಲ್ಲಿ ಚಾಲನೆ ಪಡೆದ ಯುವನಿಧಿ ಯೋಜನೆಯಲ್ಲಿ ನಿರುದ್ಯೋಗಿ ಪದವೀಧರರಿಗೆ ತಿಂಗಳಿಗೆ 3,000, ಡಿಪ್ಲೊಮಾದವರಿಗೆ 1,500 ರೂಪಾಯಿ, ಅದೂ ಗರಿಷ್ಠ ಎರಡು ವರ್ಷ. ಅಂದರೆ ಪದವೀಧರನ ಒಂದು ತಿಂಗಳ ಭತ್ಯೆ ಪೂರ್ತಿ ಸುರಿದರೆ ಎರಡು ರೀಲು, 72 ಫೋಟೊ. ರೀಲಿನ ಹವ್ಯಾಸಕ್ಕೆ ಮರಳುತ್ತಿರುವವರು ಯಾವ ಮನೆಯ ಮಕ್ಕಳು ಎಂಬುದನ್ನು ಈ ಲೆಕ್ಕವೇ ಹೇಳುತ್ತದೆ.

ಬೆಲೆ ಇಷ್ಟಿರುವುದಕ್ಕೂ ಕಾರಣಗಳಿವೆ. ಫಿಲ್ಮಿನ ಮೇಲೆ ಬೆಳಕಿಗೆ ಸ್ಪಂದಿಸುವುದು ಬೆಳ್ಳಿಯ ಲವಣ. ಅದನ್ನು ತಯಾರಿಸುವ ಕಾರ್ಖಾನೆಗಳು ಜಗತ್ತಿನಲ್ಲಿ ಕೆಲವೇ ಉಳಿದಿವೆ. ನಮ್ಮ ಪಕ್ಕದ ಊಟಿಯಲ್ಲಿ 1960ರಲ್ಲಿ ಸ್ಥಾಪನೆಯಾದ ಸರ್ಕಾರಿ ಕಂಪನಿ ಹಿಂದೂಸ್ತಾನ್ ಫೋಟೊ ಫಿಲ್ಮ್ಸ್ ‘ಇಂದು’ ಹೆಸರಿನಲ್ಲಿ ಫಿಲ್ಮ್, ಎಕ್ಸ್‌ರೇ ಹಾಳೆ ತಯಾರಿಸುತ್ತಿತ್ತು. ಸಾವಿರಾರು ಕುಟುಂಬಗಳಿಗೆ ಅನ್ನ ಕೊಟ್ಟ ಆ ಕಾರ್ಖಾನೆ ನಷ್ಟದಲ್ಲಿ ಮುಳುಗಿ ಬಾಗಿಲು ಹಾಕಿತು. ನಮ್ಮ ಪೇಟೆಗಳ ಸ್ಟುಡಿಯೊಗಳಲ್ಲಿ ಡಾರ್ಕ್‌ರೂಮಿನವರು, ಟಚ್‌ಅಪ್ ಮಾಡುವವರು, ಪ್ರಿಂಟ್ ಹಾಕುವವರು ಎಂದು ಇದ್ದ ಕೆಲಸಗಳೂ ಡಿಜಿಟಲ್ ಬಂದಮೇಲೆ ಒಂದೊಂದಾಗಿ ಹೋದವು. ಇಂದು ರೀಲು ನಮಗೆ ಹವ್ಯಾಸವಾಗಿ ಮರಳಿದೆ. ಅದನ್ನೇ ನಂಬಿದ್ದವರ ಸಂಬಳ ಮರಳಿಲ್ಲ. ಹಳೆಯದರ ಮೋಹದಲ್ಲಿ ಈ ವ್ಯತ್ಯಾಸ ಮರೆಯಬಾರದು.

ಉದ್ಯೋಗ ಹುಡುಕುವ ನಮಗೆ ಇದರಲ್ಲಿ ಎಚ್ಚರಿಕೆಯೂ ಇದೆ. ಡಾರ್ಕ್‌ರೂಮಿನ ಕೆಲಸಕ್ಕೆ ಡಿಜಿಟಲ್ ಮಾಡಿದ್ದನ್ನೇ ಡಿಜಿಟಲ್ ಕೆಲಸಕ್ಕೆ ಈಗ ಕೃತಕ ಬುದ್ಧಿಮತ್ತೆ ಮಾಡತೊಡಗಿದೆ. 2023ರಲ್ಲಿ ಜರ್ಮನಿಯ ಬೋರಿಸ್ ಎಲ್ಡಾಗ್ಸನ್ ಸೋನಿ ವಿಶ್ವ ಛಾಯಾಗ್ರಹಣ ಸ್ಪರ್ಧೆಯಲ್ಲಿ ಒಂದು ವಿಭಾಗದ ಬಹುಮಾನ ಗೆದ್ದು, ಅದು ಯಂತ್ರ ಸೃಷ್ಟಿಸಿದ ಚಿತ್ರ ಎಂದು ತಾವೇ ಹೇಳಿ ಬಹುಮಾನ ನಿರಾಕರಿಸಿದರು. ತೀರ್ಪುಗಾರರ ಕಣ್ಣಿಗೇ ವ್ಯತ್ಯಾಸ ತಿಳಿಯದಿದ್ದರೆ ನಮ್ಮ ನಿಮ್ಮ ಪಾಡೇನು? ಇಂಥ ಹೊತ್ತಿನಲ್ಲಿ ನೆಗೆಟಿವ್ ಎಂಬ ವಸ್ತುವಿಗೆ ಹೊಸ ಬೆಲೆ ಬಂದಿದೆ. ರೀಲಿನಲ್ಲೂ ಮೋಸ ಮಾಡಬಹುದು, ನಿಜ. ಆದರೂ ಅಲ್ಲಿ ನಿಂತಿದ್ದೆ, ಆ ಬೆಳಕು ಬಿದ್ದಿತ್ತು ಎಂದು ಹೇಳಲು ಕೈಯಲ್ಲಿ ಹಿಡಿಯುವ ಒಂದು ತುಣುಕು ಇರುತ್ತದೆ.

ಹಾಗಾದರೆ ನಾವು ಮಾಡುವುದೇನು? ಸಾಲ ಮಾಡಿ, ಇಎಂಐ ಹಾಕಿ ಕ್ಯಾಮೆರಾ ಕೊಳ್ಳುವುದಂತೂ ಬೇಡ. ರೀಲಿನ ಪಾಠ ಕಲಿಯಲು ರೀಲೇ ಬೇಕೆಂದಿಲ್ಲ. ಇದ್ದ ಮೊಬೈಲಿನಲ್ಲೇ ವಾರಕ್ಕೆ 36 ಫೋಟೊ ಮಾತ್ರ ಎಂದು ನಿಯಮ ಹಾಕಿಕೊಳ್ಳಬಹುದು. ತೆಗೆದದ್ದನ್ನು ಅಳಿಸಬಾರದು, ವಾರ ಮುಗಿಯುವವರೆಗೆ ತೆರೆದು ನೋಡಬಾರದು, ಯಾವುದನ್ನು ಯಾಕೆ ತೆಗೆದೆ ಎಂದು ಒಂದು ಸಾಲು ಬರೆದಿಡಬೇಕು. ಮನೆಯಲ್ಲಿ ಹಳೆಯ ಕ್ಯಾಮೆರಾ ಇದ್ದವರು ನಾಲ್ಕು ಮಂದಿ ಸೇರಿ ಒಂದು ಕಪ್ಪು–ಬಿಳುಪು ರೀಲು ಹಂಚಿಕೊಳ್ಳಬಹುದು. ಅದನ್ನು ತೊಳೆಯುವುದನ್ನು ಮನೆಯಲ್ಲೇ ಕಲಿಯಬಹುದು. ಊರಿನ ಹಿರಿಯ ಸ್ಟುಡಿಯೊದವರನ್ನು ಹೋಗಿ ಕೇಳಿದರೆ ಪುಸ್ತಕದಲ್ಲಿಲ್ಲದ್ದನ್ನು ಹೇಳಿಕೊಡುತ್ತಾರೆ. ಕಾಲೇಜುಗಳೂ ಒಂದು ಖಾಲಿ ಕೋಣೆ, ಕೆಂಪು ದೀಪ, ನಾಲ್ಕು ತಟ್ಟೆ ಒದಗಿಸಿದರೆ ಡಾರ್ಕ್‌ರೂಮ್ ಆಗುತ್ತದೆ. ಬೆಳ್ಳಿ ಲವಣದ ರಸಾಯನಶಾಸ್ತ್ರವನ್ನು ಪಠ್ಯದಲ್ಲಿ ಓದುವವರೇ ಅದನ್ನು ಕಣ್ಣಾರೆ ಕಂಡಂತೆಯೂ ಆಗುತ್ತದೆ.

ತೆಗೆಯಲು ವಿಷಯಕ್ಕೆ ಬರವಿಲ್ಲ. ಬಿಆರ್‌ಟಿಎಸ್‌ಗಾಗಿ ರಸ್ತೆ ಅಗಲವಾಗಿ ಚಿಗರಿ ಬಸ್ಸು ಓಡುವ ಮೊದಲು ಹುಬ್ಬಳ್ಳಿ–ಧಾರವಾಡ ರಸ್ತೆಯ ಮರಗಳು ಹೇಗಿದ್ದವು ಎಂದು ಈಗಿನ ಹೈಸ್ಕೂಲ್ ಮಕ್ಕಳಿಗೆ ತೋರಿಸಲು ಎಷ್ಟು ಮನೆಗಳಲ್ಲಿ ಚಿತ್ರವಿದೆ? ಜೇಸನ್ ಲೀ ಟೆಕ್ಸಾಸ್‌ನಲ್ಲಿ ಮಾಡಿದ್ದು ಇದನ್ನೇ, ಯಾರೂ ನೋಡದ ಊರನ್ನು ಕಣ್ಮರೆಯಾಗುವ ಮುನ್ನ ನೋಡಿದ್ದು. ದುರ್ಗದಬೈಲಿನ ಸಂಜೆ, ಸಪ್ತಾಪುರದ ಝೆರಾಕ್ಸ್ ಅಂಗಡಿಯ ಸಾಲು, ಲೈಬ್ರರಿಯ ಮೆಟ್ಟಿಲ ಮೇಲೆ ಬುತ್ತಿ ಬಿಚ್ಚುವ ಗೆಳೆಯರು: ಇವೂ ಒಂದು ದಿನ ಇತಿಹಾಸವೇ.

ಫೋಟೊಗ್ರಫಿಯಿಂದ ನಮ್ಮಲ್ಲಿ ಎಲ್ಲರಿಗೂ ಕೆಲಸ ಸಿಗದು. ಆದರೆ ಪರೀಕ್ಷೆಗಳ ನಡುವಿನ ಉದ್ದನೆಯ ಕಾಯುವಿಕೆಯಲ್ಲಿ ಹೆಬ್ಬೆರಳಿನಿಂದ ರೀಲ್ಸ್ ತಳ್ಳುತ್ತ ಕೂರುವುದಕ್ಕೂ, ಒಂದು ವಿದ್ಯೆಯನ್ನು ನಿಧಾನವಾಗಿ ಕೈಗೆ ಹತ್ತಿಸಿಕೊಳ್ಳುವುದಕ್ಕೂ ಬಹಳ ಅಂತರವಿದೆ. ಕಾಯುವುದು ನಮಗೆ ಹೇಗೂ ತಪ್ಪಿದ್ದಲ್ಲ. ಕಾಯುತ್ತಲೇ ಏನಾದರೊಂದು ಕಲಿತಿರೋಣ.